ರೊಕ್ಕ ಕಟ್ ಆಗೇತಿ, ಅಂಗಡಿಗೆ ಬಂದಿಲ್ಲ: ನೆಟ್‌ವರ್ಕ್ ಕೈಕೊಟ್ಟಾಗ ಏನ್ ಮಾಡಬೇಕು?

ಧಾರವಾಡ: ‘ನನ್ನ ಅಕೌಂಟ್‌ನಾಗ ರೊಕ್ಕ ಕಟ್ ಆಗೇತ್ರಿ.’ ‘ನಮಗ ಬಂದಿಲ್ಲರೀ ಅಣ್ಣಾರ, ಇನ್ನೊಮ್ಮೆ ಹಾಕ್ರಿ.’ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಕಿರಾಣಿ, ಗೊಬ್ಬರದ ಅಂಗಡಿಗಳ ಮುಂದೆ ಈ ಮಾತು ಹೊಸದಲ್ಲ. ಆದರೆ ಅವಸರದಲ್ಲಿ ಇನ್ನೊಮ್ಮೆ ಹಾಕಿದರೆ ಒಂದೇ ಸಾಮಾನಿಗೆ ಎರಡು ಸಲ ರೊಕ್ಕ ಕೊಟ್ಟಂಗಾಗಬಹುದು.

ಯಾಕೆ ಹಿಂಗಾಗತೈತಿ?

ಪಿನ್ ಒತ್ತಿದ ಮೇಲೆ ಯುಪಿಐ ಕೆಲಸ ನಡೆಯುವುದು ನಿಮ್ಮ ಫೋನ್‌ನಲ್ಲಿ ಅಲ್ಲ, ಬ್ಯಾಂಕ್‌ಗಳ ನಡುವೆ. ಸಂದೇಶ ಫೋನ್ ಬಿಟ್ಟು ಹೋದ ಮೇಲೆ ಸಿಗ್ನಲ್ ಹೋದರೆ ಅಲ್ಲಿ ಕೆಲಸ ಮುಗಿದಿರಬಹುದು. ಉತ್ತರ ಮಾತ್ರ ನಿಮಗೆ ತಲುಪಿರುವುದಿಲ್ಲ. ಹಾಗಾಗಿ ‘ಪೆಂಡಿಂಗ್’ ಅಂದರೆ ‘ಫೇಲ್’ ಅಂತಲ್ಲ. ಅಂಗಡಿಯ ಸೌಂಡ್‌ಬಾಕ್ಸ್‌ಗೂ ನೆಟ್‌ವರ್ಕ್ ಬೇಕು. ರೊಕ್ಕ ಬಂದರೂ ಅದು ಸುಮ್ಮನೆ ಕೂತಿರಬಹುದು.

ಗ್ರಾಹಕರು: ಎರಡನೇ ಸಲ ಹಾಕುವ ಮುಂಚೆ ಬ್ಯಾಂಕ್ ಎಸ್‌ಎಂಎಸ್ ನೋಡಿ. ಅದಕ್ಕೆ ಡೇಟಾ ಬೇಕಿಲ್ಲ. ಸಿಗ್ನಲ್ ಬಂದ ಮೇಲೆ ಆ್ಯಪ್‌ನ ಹಿಸ್ಟರಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ.

ಅಂಗಡಿಯವರು: ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ನಕಲಿ ಮಾಡಬಹುದು. ನಿಮ್ಮ ಖಾತೆಗೆ ಜಮಾ ಆಗಿರುವುದೇ ಖಾತ್ರಿ. ಪರಿಚಯದವರಾದರೆ ಯುಟಿಆರ್, ಮೊತ್ತ ಉದ್ರಿ ಪುಸ್ತಕದಾಗ ಬರೆದು ಕಳಿಸಿ.

ರೊಕ್ಕ ಎಷ್ಟು ದಿನಕ್ಕೆ ವಾಪಸ್?

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಗ್ರಾಹಕರ ಖಾತೆಯಲ್ಲಿ ಕಟ್ ಆಗಿ ಅಂಗಡಿಗೆ ಖಾತ್ರಿ ಸಿಗದ ಮೊತ್ತ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಜಮಾ ಆಗದಿದ್ದರೆ ಮರುದಿನದೊಳಗೆ. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು. ಬರದಿದ್ದರೆ ಮೊದಲು ಆ್ಯಪ್‌ನಲ್ಲೇ ದೂರು ಕೊಡಿ, ಆಮೇಲೆ ಯುಟಿಆರ್ ಹಿಡಿದು ಬ್ಯಾಂಕಿಗೆ ಹೋಗಿ.

ನೆಟ್ ಇಲ್ಲದೆ ಕಳಿಸೋದು ಹೆಂಗ?

ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೂ ಒಂದು ಸಲಕ್ಕೆ ₹5,000ದವರೆಗೆ ಕಳಿಸಬಹುದು, ಬ್ಯಾಲೆನ್ಸ್ ನೋಡಬಹುದು. ಸಾದಾ ಫೋನ್‌ನಲ್ಲೂ ನಡೆಯುತ್ತದೆ. ಎಲ್ಲ ಸಿಮ್‌ಗಳಲ್ಲಿ ನಡೆಯಲಿಕ್ಕಿಲ್ಲ. ಮನೆಯಲ್ಲೇ ಒಮ್ಮೆ ಪರೀಕ್ಷಿಸಿಕೊಳ್ಳಿ.

‘ರೊಕ್ಕ ವಾಪಸ್ ಹಾಕ್ತೀವಿ, ಪಿನ್ ಒತ್ತಿರಿ’ ಅಂತ ಫೋನ್ ಬಂದರೆ ಕಟ್ ಮಾಡಿ. ರೊಕ್ಕ ಬರಲು ಪಿನ್ ಬೇಕಾಗುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.