ಮೈದಾನದ ಪಟಾಕಿ ಮಳಿಗೆಗಳು

ದೀಪಾವಳಿ ಹತ್ತಿರ ಬಂತೆಂದರೆ ಊರಿನ ಮೈದಾನಗಳಲ್ಲಿ ತಗಡಿನ ಶೆಡ್ಡುಗಳು ಏಳುತ್ತವೆ. ಹಬ್ಬ ಮುಗಿಯುತ್ತಲೇ ಮಾಯವಾಗುವ ಈ ಪಟಾಕಿ ಮಳಿಗೆಗಳಿಗೂ ತಾತ್ಕಾಲಿಕ ಪರವಾನಗಿ ಬೇಕು. ಬೆಂಗಳೂರಿನಲ್ಲಿ ಅದನ್ನು ಕೊಡುವುದು ಪೊಲೀಸ್ ಕಮಿಷನರ್ ಕಚೇರಿ, ಜಿಲ್ಲೆಗಳಲ್ಲಿ ಜಿಲ್ಲಾಡಳಿತ. ಮೈದಾನ ಪಾಲಿಕೆಯದಾದರೆ ಅದರ ಒಪ್ಪಿಗೆ ಬೇರೆ. ಬೆಂಗಳೂರಿನಲ್ಲಿ ಅರ್ಜಿಗಳು ಹೆಚ್ಚಾದಾಗ ಲಾಟರಿ ಎತ್ತುವುದೂ ಉಂಟು.

2008ರ ಸ್ಫೋಟಕ ನಿಯಮಗಳ ಪ್ರಕಾರ ಶೆಡ್ಡು ಬೆಂಕಿ ಹತ್ತದ ಸಾಮಗ್ರಿಯದಾಗಿರಬೇಕು. ಎರಡು ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಬೇಕು. ಒಂದೇ ಕಡೆ 50ಕ್ಕಿಂತ ಹೆಚ್ಚು ಮಳಿಗೆ ಸಲ್ಲದು. ಮಳಿಗೆಗಳು ಎದುರುಬದುರಾಗಿಯೂ ಇರಕೂಡದು. ಇದ್ದರೆ, ಒಂದರಲ್ಲಿ ಹೊತ್ತಿಕೊಂಡ ರಾಕೆಟ್ ನೇರ ಇನ್ನೊಂದರ ಬಾಯಿಗೇ ನುಗ್ಗೀತು. ಎಣ್ಣೆ ದೀಪ, ಗ್ಯಾಸ್ ದೀಪ ಎರಡೂ ನಿಷಿದ್ಧ. ಗಲ್ಲಾಪೆಟ್ಟಿಗೆಯ ಪಕ್ಕ ಲಕ್ಷ್ಮಿಯ ಪಟವಿಟ್ಟು ದೀಪ ಹಚ್ಚಿಯೇ ಬೋಣಿಗೆ ಕಾಯುವ ವ್ಯಾಪಾರಿಗೆ ಪಾಲಿಸಲು ಕಷ್ಟವಾಗುವುದು ಬಹುಶಃ ಇದೊಂದೇ.

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯೊಂದರಲ್ಲಿ ಎದ್ದ ಬೆಂಕಿ ಹತ್ತಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಆಮೇಲೆ ತಪಾಸಣೆ ಬಿಗಿಯಾಯಿತು. ರಾಜ್ಯದಲ್ಲಿ ಹಸಿರು ಪಟಾಕಿ ಮಾತ್ರ ಮಾರಬೇಕೆಂಬ ಕಟ್ಟಪ್ಪಣೆಯೂ ಹೊರಬಿತ್ತು.