‘ಈ ಕ್ಯಾಂಡಿಡೇಟ್ ಮೇಲೆ 14 ಕೇಸ್!’: ಫಾರ್ವರ್ಡ್ ಮಾಡುವ ಮುನ್ನ ಅಫಿಡವಿಟ್ ಓದುವುದು ಹೇಗೆ?

ವಿಧಾನಸಭಾ ಚುನಾವಣೆ ಘೋಷಣೆಯಾಗುತ್ತಿದ್ದಂತೆ ಫ್ಯಾಮಿಲಿ ಗ್ರೂಪ್, ಊರಿನ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಅಭ್ಯರ್ಥಿಯ ಫೋಟೊ, ಅದರ ಮೇಲೆ ಕೆಂಪು ಅಕ್ಷರಗಳಲ್ಲಿ: “ಇವರ ಮೇಲೆ 14 ಕ್ರಿಮಿನಲ್ ಕೇಸ್! 5 ವರ್ಷದಲ್ಲಿ ಆಸ್ತಿ ಮೂರು ಪಟ್ಟು! ಇಂಥವರಿಗಾ ನಿಮ್ಮ ವೋಟು? ಎಲ್ಲರಿಗೂ ಶೇರ್ ಮಾಡಿ.” ಕೆಳಗೆ ಸಣ್ಣದಾಗಿ ‘ಮಾಹಿತಿ: ಚುನಾವಣಾ ಆಯೋಗ’ ಎಂದೂ ಇರುತ್ತದೆ.

ಇಂಥದ್ದು ಪರಿಶೀಲನೆಗೆ ಬಂದಾಗ ‘ಇದು ಸುಳ್ಳೇ ಇರಬೇಕು’ ಎಂದುಕೊಂಡೇ ನಾವು ದಾಖಲೆ ತೆರೆಯುತ್ತೇವೆ. ಆದರೆ ಎಷ್ಟೋ ಸಲ ಅಂಕಿ ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ಬೇರೆ ಕಡೆ. ಹತ್ತಾರು ಪುಟಗಳ ದಾಖಲೆಯಿಂದ ಒಂದು ಸಾಲನ್ನು ಮಾತ್ರ ಕತ್ತರಿಸಿ ತಂದಿರುತ್ತಾರೆ, ಎದುರಾಳಿಯ ಅದೇ ದಾಖಲೆಯನ್ನು ತೋರಿಸಿರುವುದಿಲ್ಲ.

ಇದನ್ನು ಮಾಡುವವರು ಯಾರು?

ಎದುರಾಳಿಯ ದಾಖಲೆ ಕೆದಕುವುದು ಚುನಾವಣಾ ತಂಡಗಳ ಮಾಮೂಲಿ ಕೆಲಸ. ಅಮೆರಿಕದಲ್ಲಿ ಇದಕ್ಕೆ ‘ಆಪೊಸಿಷನ್ ರಿಸರ್ಚ್’ ಎಂಬ ಹೆಸರೇ ಇದೆ. ಸಾರ್ವಜನಿಕ ದಾಖಲೆಯನ್ನು ಓದುವುದು ಕಾನೂನುಬಾಹಿರವೂ ಅಲ್ಲ, ಕೆಟ್ಟದ್ದೂ ಅಲ್ಲ. ಆದರೆ ಆ ತಂಡಕ್ಕೆ ಬೇಕಿರುವುದು ಎದುರಾಳಿಯ ತಪ್ಪು ಮಾತ್ರ. ಮತದಾರರಿಗೆ ಬೇಕಿರುವುದು ಇಬ್ಬರ ಲೆಕ್ಕವೂ. ಅದೇ ದಾಖಲೆಗಳು ನಿಮ್ಮ ಮೊಬೈಲ್‌ನಲ್ಲೂ ಉಚಿತವಾಗಿ ಸಿಗುತ್ತವೆ.

ಈ ಮಾಹಿತಿ ಎಲ್ಲಿಂದ ಬಂತು?

ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಆ ಪ್ರಕರಣವನ್ನು ಕೋರ್ಟಿಗೆ ಒಯ್ದಿದ್ದು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್ ಎಂಬ ಸಂಸ್ಥೆ. ಸಂಸತ್ತು ಕಾನೂನು ತಿದ್ದಿ ಈ ಹಕ್ಕನ್ನು ಮೊಟಕು ಮಾಡಿತು. 2003ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು.

ಹಾಗಾಗಿ ಇಂದು ನಾಮಪತ್ರದ ಜೊತೆ ‘ನಮೂನೆ 26’ ಎಂಬ ಅಫಿಡವಿಟ್ ಕೊಡಲೇಬೇಕು. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಶಿಕ್ಷೆಯಾದ ಪ್ರಕರಣ, ಅಭ್ಯರ್ಥಿ ಮತ್ತು ಕುಟುಂಬದ ಆಸ್ತಿ, ಸಾಲ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಆದಾಯದ ಮೂಲ, 5 ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ, ವಿದ್ಯಾರ್ಹತೆ ಎಲ್ಲವೂ ಅದರಲ್ಲಿರಬೇಕು. ಯಾವ ಕಾಲಂ ಅನ್ನೂ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ರಾಜ್ಯ ಮತ್ತು ಕ್ಷೇತ್ರ ಆಯ್ಕೆ ಮಾಡಿದರೆ ಪಟ್ಟಿ ಬರುತ್ತದೆ, ಮೂಲ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಎಡಿಆರ್‌ನ ‘ಮೈನೇತಾ’ ಜಾಲತಾಣದಲ್ಲಿ ಹಿಂದಿನ ಚುನಾವಣೆಗಳ ಮಾಹಿತಿಯೂ ಇದೆ. ಸಾರಾಂಶವನ್ನು ಮೈನೇತಾದಲ್ಲಿ ನೋಡಿ, ಅನುಮಾನ ಬಂದ ಅಂಕಿಯನ್ನು ಮೂಲ ಅಫಿಡವಿಟ್‌ನಲ್ಲಿ ತಾಳೆ ಹಾಕಿ.

‘14 ಕೇಸ್’ ಅಂದರೆ ಏನು?

ಕೇಸ್ ಇದೆ ಎಂದರೆ ಅಪರಾಧಿ ಎಂದಲ್ಲ. ಎಫ್‌ಐಆರ್ ಅಂದರೆ ಪೊಲೀಸರು ದೂರು ದಾಖಲಿಸಿಕೊಂಡಿದ್ದಾರೆ ಎಂದಷ್ಟೆ. ತನಿಖೆ ಮುಗಿದ ಮೇಲೆ ಚಾರ್ಜ್‌ಶೀಟ್. ವಿಚಾರಣೆ ನಡೆಸುವಷ್ಟು ಆಧಾರವಿದೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ದೋಷಾರೋಪ ನಿಗದಿ. ಕೊನೆಗೆ ಶಿಕ್ಷೆ ಅಥವಾ ಖುಲಾಸೆ. ಅಫಿಡವಿಟ್‌ನಲ್ಲಿ ಬಾಕಿ ಪ್ರಕರಣಗಳಿಗೂ ಶಿಕ್ಷೆಯಾದ ಪ್ರಕರಣಗಳಿಗೂ ಬೇರೆ ಬೇರೆ ಪಟ್ಟಿ ಇರುತ್ತದೆ. ಪ್ರತಿ ಬಾಕಿ ಪ್ರಕರಣದ ಎದುರು ‘ದೋಷಾರೋಪ ನಿಗದಿಯಾಗಿದೆಯೇ?’ ಎಂಬ ಪ್ರಶ್ನೆಯೂ ಇರುತ್ತದೆ. ಮೊದಲು ಆ ಉತ್ತರ ನೋಡಿ.

ಆಮೇಲೆ ಸೆಕ್ಷನ್ ನೋಡಿ. ರಸ್ತೆ ತಡೆ, ಧರಣಿ ಮಾಡಿದವರ ಮೇಲೆ ಅಕ್ರಮ ಕೂಟ, ನಿಷೇಧಾಜ್ಞೆ ಉಲ್ಲಂಘನೆಯಂಥ ಕೇಸ್‌ಗಳು ಬೀಳುತ್ತವೆ. ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ 143 ಮತ್ತು 188 ಇವೇ. ರೈತ ಹೋರಾಟದಲ್ಲಿ ಬಿದ್ದ ಹತ್ತು ಕೇಸ್‌ಗಳೂ, ಕೊಲೆ ಯತ್ನ ಅಥವಾ ಅತ್ಯಾಚಾರದ ಒಂದು ಕೇಸೂ ಒಂದೇ ತೂಕದವಲ್ಲ. ‘ಅವರದ್ದು 14, ಇವರದ್ದು 1’ ಎಂಬ ಎಣಿಕೆ ದಿಕ್ಕು ತಪ್ಪಿಸುವುದು ಇಲ್ಲೇ.

ಈಗ ಇನ್ನೊಂದು ಗೊಂದಲ ಸೇರಿಕೊಂಡಿದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಐಪಿಸಿಯಲ್ಲಿ 302 ಎಂದರೆ ಕೊಲೆಗೆ ಶಿಕ್ಷೆ. ಹೊಸ ಸಂಹಿತೆಯಲ್ಲಿ 302 ಎಂದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಉದ್ದೇಶದ ಮಾತು, ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ. ‘302 ಹಾಕಿದ್ದಾರೆ, ಕೊಲೆ ಆರೋಪಿ’ ಎಂಬ ಫಾರ್ವರ್ಡ್ ಬಂದರೆ, ಅದು ಯಾವ ಕಾನೂನಿನ 302 ಎಂದು ಕೇಳಿ.

ಹಾಗಂತ ‘ಎಲ್ಲವೂ ರಾಜಕೀಯ ಕೇಸ್ ಬಿಡಿ’ ಎಂಬ ಸಮರ್ಥನೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬಾಕಿ ಪ್ರಕರಣಗಳಿರುವ ಅಭ್ಯರ್ಥಿ ಅದನ್ನು ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಬಾರಿ ಪ್ರಕಟಿಸಬೇಕು. ಅಂಥವರನ್ನೇ ಏಕೆ ಆರಿಸಿದೆವು ಎಂಬ ಕಾರಣವನ್ನು ಪಕ್ಷ ತನ್ನ ಜಾಲತಾಣದಲ್ಲಿ ಹಾಕಬೇಕು. ‘ಗೆಲ್ಲುವ ಸಾಮರ್ಥ್ಯ ಇದೆ’ ಎಂಬುದಷ್ಟೇ ಕಾರಣವಾಗಬಾರದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಕ್ಷೇತ್ರದ ಅಭ್ಯರ್ಥಿ ಬಗ್ಗೆ ಪಕ್ಷ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಿ.

‘ಆಸ್ತಿ ಮೂರು ಪಟ್ಟು’: ಲೂಟಿಯೋ, ಜಮೀನಿನ ಬೆಲೆಯೋ?

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಅಭ್ಯರ್ಥಿ ‘ಕ’ ಅವರ ಕುಟುಂಬದ ಆಸ್ತಿ 2018ರಲ್ಲಿ 4 ಕೋಟಿ, 2023ರಲ್ಲಿ 12 ಕೋಟಿ. ಅಭ್ಯರ್ಥಿ ‘ಖ’ ಅವರದ್ದು 2 ಕೋಟಿಯಿಂದ 3 ಕೋಟಿ ಆಗಿದೆ. ಫಾರ್ವರ್ಡ್ ಆಗುವುದು ಯಾವುದು? ಖಂಡಿತ ‘ಕ’ ಅವರದ್ದು.

ಈಗ ಒಳಗೆ ನೋಡೋಣ. ‘ಕ’ ಅವರಿಗೆ ಊರ ಪಕ್ಕ ಪಿತ್ರಾರ್ಜಿತ ಜಮೀನಿದೆ. 2018ರಲ್ಲಿ ಅದರ ಅಂದಾಜು ಮಾರುಕಟ್ಟೆ ಬೆಲೆ 3 ಕೋಟಿ, 2023ರಲ್ಲಿ 10 ಕೋಟಿ. ಜಮೀನು ಅದೇ, ಸರ್ವೆ ನಂಬರ್ ಅದೇ. ಏರಿಕೆಯಾದ 8 ಕೋಟಿಯಲ್ಲಿ 7 ಕೋಟಿ ಬರೀ ಬೆಲೆ ಏರಿಕೆ. ಉಳಿದ 1 ಕೋಟಿಗೆ ಎದುರಾಗಿ ರಿಟರ್ನ್ಸ್‌ನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಆದಾಯ ಕಾಣುತ್ತದೆ. 5 ವರ್ಷಕ್ಕೆ 1 ಕೋಟಿ. ಮನೆ ಖರ್ಚು ಕಳೆದರೆ ಸ್ವಲ್ಪ ಬಿಗಿಯೇ, ಆದರೂ ಲೆಕ್ಕ ತೀರಾ ದೂರವಿಲ್ಲ.

‘ಖ’ ಅವರದ್ದು ಹೆಚ್ಚಾಗಿದ್ದು ಬರೀ 1 ಕೋಟಿ. ಆದರೆ ಅದು 2021ರಲ್ಲಿ ಹೊಸದಾಗಿ ಕೊಂಡ ನಿವೇಶನ. ಸಾಲದ ಕಾಲಂನಲ್ಲಿ ಏನೂ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 4 ಲಕ್ಷ, ಅಂದರೆ 5 ವರ್ಷಕ್ಕೆ 20 ಲಕ್ಷ. ಉಳಿದ 80 ಲಕ್ಷ ಎಲ್ಲಿಂದ ಬಂತು? ಕೇಳಬೇಕಾದ ಪ್ರಶ್ನೆ ಇಲ್ಲಿದೆ, ಇದರ ಬಗ್ಗೆ ಮಾತ್ರ ಯಾರೂ ಫಾರ್ವರ್ಡ್ ಮಾಡಿಲ್ಲ.

ಉತ್ತರ ಸರಳವಾಗಿಯೂ ಇರಬಹುದು. ಹಳೆಯ ಉಳಿತಾಯ ಬಳಸಿರಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ರಿಟರ್ನ್ಸ್‌ನ ಒಟ್ಟು ಆದಾಯದಲ್ಲಿ ಅದು ಕಾಣದೇ ಇರಬಹುದು. ಹಾಗಾಗಿ ಅಲ್ಲಿ ಹುಟ್ಟುವುದು ಪ್ರಶ್ನೆ, ತೀರ್ಪಲ್ಲ. ಆಸ್ತಿ ಹೋಲಿಸುವಾಗ ಮೂರು ವಿಷಯ ನೆನಪಿರಲಿ: ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ಬೆಲೆಯೋ ಈಗಿನ ಬೆಲೆಯೋ, ಅಭ್ಯರ್ಥಿಯೊಬ್ಬರದ್ದೋ ಸಂಗಾತಿಯದ್ದೂ ಸೇರಿದೆಯೋ. ಒಬ್ಬರಿಗೆ ಕುಟುಂಬದ ಲೆಕ್ಕ, ಇನ್ನೊಬ್ಬರಿಗೆ ಒಂಟಿ ಲೆಕ್ಕ ಹಾಕಿ ಹೋಲಿಸುವುದು ಇಂಥ ಫಾರ್ವರ್ಡ್‌ಗಳಲ್ಲಿ ನಾವು ಕಂಡ ಹಳೆಯ ಚಮತ್ಕಾರ.

ಹೆಸರು ಒಂದೇ, ಮನುಷ್ಯ ಬೇರೆ

ಪ್ರಕರಣದ ಈಗಿನ ಸ್ಥಿತಿ ತಿಳಿಯಲು ‘ಇ-ಕೋರ್ಟ್ಸ್’ ಜಾಲತಾಣ ಅಥವಾ ಆ್ಯಪ್ ಇದೆ. ಅಫಿಡವಿಟ್‌ನಲ್ಲಿರುವ ಕೇಸ್ ನಂಬರ್, ಇಲ್ಲವೇ ಪೊಲೀಸ್ ಠಾಣೆ ಮತ್ತು ಎಫ್‌ಐಆರ್ ನಂಬರ್ ಹಾಕಿ ಹುಡುಕಬಹುದು. ಹೆಸರು ಹಾಕಿಯೂ ಹುಡುಕಬಹುದು, ಆದರೆ ಅಲ್ಲಿ ಹುಷಾರು.

ಒಮ್ಮೆ ನಾವೇ ಎಡವುತ್ತಿದ್ದೆವು. ಒಬ್ಬ ಅಭ್ಯರ್ಥಿಯ ಹೆಸರು ಹಾಕಿದಾಗ ಅಫಿಡವಿಟ್‌ನಲ್ಲಿ ಇಲ್ಲದ ಚೆಕ್ ಬೌನ್ಸ್ ಪ್ರಕರಣವೊಂದು ಸಿಕ್ಕಿತು. ‘ಕೇಸ್ ಮುಚ್ಚಿಟ್ಟ ಅಭ್ಯರ್ಥಿ’ ಎಂಬ ಶೀರ್ಷಿಕೆಯನ್ನೂ ಬರೆದಿಟ್ಟೆವು. ಪ್ರಕಟಿಸುವ ಮುನ್ನ ನ್ಯಾಯಾಲಯದ ಆದೇಶ ತೆರೆದು ನೋಡಿದರೆ ತಂದೆಯ ಹೆಸರು ಬೇರೆ, ಊರು ಬೇರೆ. ಅದೇ ಹೆಸರಿನ ಇನ್ಯಾರೋ ಆತ. ಇನ್ನರ್ಧ ಗಂಟೆಯಲ್ಲಿ ಆ ಲೇಖನ ನಿಮ್ಮ ಗ್ರೂಪ್‌ಗಳಲ್ಲಿ ಇರುತ್ತಿತ್ತು. ಒಮ್ಮೆ ಹೊರಬಿದ್ದರೆ ಅದನ್ನು ವಾಪಸ್ ತರುವ ದಾರಿ ನಮಗಿರಲಿಲ್ಲ. ಅಂದಿನಿಂದ ತಂದೆಯ ಹೆಸರು, ವಯಸ್ಸು, ಊರು ಇವುಗಳಲ್ಲಿ ಕನಿಷ್ಠ ಎರಡಾದರೂ ಹೊಂದಿಕೆಯಾಗದೆ ನಾವು ಮುಂದೆ ಹೋಗುವುದಿಲ್ಲ.

ಈಗಾಗಲೇ ಶಾಸಕರಾಗಿದ್ದರೆ?

ಕರ್ನಾಟಕ ವಿಧಾನಸಭೆಯ ಜಾಲತಾಣದಲ್ಲಿ ಕಲಾಪಗಳ ದಾಖಲೆಗಳಿವೆ. ನಿಮ್ಮ ಶಾಸಕರು ಯಾವ ವಿಷಯ ಎತ್ತಿದರು, ನೀರಿನ ಬಗ್ಗೆ ಕೇಳಿದರೋ ರಸ್ತೆ ಬಗ್ಗೆ ಕೇಳಿದರೋ ಎಂದು ನೋಡಬಹುದು. ಆದರೆ ‘5 ವರ್ಷದಲ್ಲಿ ಒಂದೂ ಪ್ರಶ್ನೆ ಕೇಳಿಲ್ಲ’ ಎಂಬ ಪೋಸ್ಟರ್ ಸಚಿವರೊಬ್ಬರ ಬಗ್ಗೆ ಇದ್ದರೆ ಅದು ಅನ್ಯಾಯ. ಸಚಿವರ ಕೆಲಸ ಉತ್ತರ ಕೊಡುವುದು.

ಚುನಾವಣಾ ವೆಚ್ಚದ ಲೆಕ್ಕವನ್ನೂ ಫಲಿತಾಂಶ ಬಂದ 30 ದಿನಗಳಲ್ಲಿ ಕೊಡಬೇಕು. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಪ್ರತಿ ಅಭ್ಯರ್ಥಿಯ ಮಿತಿ 40 ಲಕ್ಷ ರೂಪಾಯಿ ಇತ್ತು. ಕಳೆದ ಬಾರಿ ಊರ ತುಂಬ ಪೆಂಡಾಲ್, ಬಾಡೂಟ ನೋಡಿದವರು ಆ ಲೆಕ್ಕವನ್ನು ಓದಿದರೆ ಕುತೂಹಲವಾಗುತ್ತದೆ.

ಅಫಿಡವಿಟ್‌ನಲ್ಲಿ ಇರುವುದೆಲ್ಲ ನಿಜವೇ?

ಹಾಗೆ ಹೇಳಲು ಬರುವುದಿಲ್ಲ. ಅದು ಅಭ್ಯರ್ಥಿ ತಾನೇ ಪ್ರಮಾಣ ಮಾಡಿ ಹೇಳಿದ ಮಾತು. ಪ್ರತಿ ಸೈಟ್, ಪ್ರತಿ ಚಿನ್ನದ ಸರವನ್ನು ಚುನಾವಣಾಧಿಕಾರಿ ಹೋಗಿ ಎಣಿಸುವುದಿಲ್ಲ. ಅದರಲ್ಲಿ ಸುಳ್ಳಿದೆ ಎಂದು ಗೊತ್ತಿದ್ದವರು ಪ್ರತಿ-ಅಫಿಡವಿಟ್ ಸಲ್ಲಿಸಬಹುದು. ಬೇಕೆಂದೇ ಸುಳ್ಳು ಹೇಳಿದ್ದು ಅಥವಾ ಮುಚ್ಚಿಟ್ಟಿದ್ದು ಸಾಬೀತಾದರೆ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 125ಎ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗೆದ್ದವರ ಆಯ್ಕೆಯನ್ನು ಪ್ರಶ್ನಿಸಿ 45 ದಿನಗಳೊಳಗೆ ಹೈಕೋರ್ಟ್‌ಗೆ ಚುನಾವಣಾ ಅರ್ಜಿ ಹಾಕಬಹುದು.

ಆದರೆ ಸಣ್ಣಪುಟ್ಟ ವಸ್ತು ಬಿಟ್ಟುಹೋದರೆಲ್ಲ ಅಪರಾಧವಲ್ಲ. ಗಣನೀಯ ಮೌಲ್ಯದ್ದಲ್ಲದ ಅಥವಾ ಐಷಾರಾಮಿ ಜೀವನಶೈಲಿ ತೋರಿಸುವಂಥದ್ದಲ್ಲದ ಪ್ರತಿಯೊಂದು ಚರಾಸ್ತಿಯನ್ನೂ ಘೋಷಿಸಬೇಕಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ, ಅರುಣಾಚಲ ಪ್ರದೇಶದ ಶಾಸಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಫಾರ್ವರ್ಡ್ ಒತ್ತುವ ಮುನ್ನ

• ಸಂದೇಶದಲ್ಲಿ ಯಾವ ಚುನಾವಣೆಯ, ಯಾವ ವರ್ಷದ ಅಫಿಡವಿಟ್ ಎಂದಿದೆಯೇ? ಹಳೆಯ ಕೇಸ್ ಈಗ ಖುಲಾಸೆಯಾಗಿರಬಹುದು.

• ಕೇಸ್ ಎಂದಿದ್ದರೆ: ಬರೀ ಎಫ್‌ಐಆರ್, ದೋಷಾರೋಪ ನಿಗದಿ, ಶಿಕ್ಷೆ, ಇವುಗಳಲ್ಲಿ ಯಾವುದು?

• ಆಸ್ತಿ ಎಂದಿದ್ದರೆ: ಹೊಸದಾಗಿ ಕೊಂಡಿದ್ದೆಷ್ಟು, ಬೆಲೆ ಏರಿದ್ದೆಷ್ಟು?

• ಎದುರಾಳಿಯ ಅಫಿಡವಿಟ್‌ನ ಅದೇ ಪುಟವನ್ನು ನೋಡಿದಿರಾ?

• ಅಭ್ಯರ್ಥಿಯ ಮನೆ ವಿಳಾಸ, ಫೋನ್ ನಂಬರ್, ಮಕ್ಕಳ ಹೆಸರು ಕಾಣುವ ಪುಟವೇ? ದಾಖಲೆ ಸಾರ್ವಜನಿಕವಾದರೂ ಅದನ್ನು ಗ್ರೂಪ್‌ಗೆ ಹಾಕಬೇಡಿ. ಆ ಮಕ್ಕಳು ಚುನಾವಣೆಗೆ ನಿಂತಿಲ್ಲ.

ಚುನಾವಣೆಯ ಫಲಿತಾಂಶದ ಮೇಲೆ ಪರಿಣಾಮ ಬೀರುವ ಉದ್ದೇಶದಿಂದ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳು ಎಂದು ಗೊತ್ತಿದ್ದೂ ಹೇಳಿಕೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕೆ ದಂಡವಿದೆ. ಆದರೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಲ್ಲರ ಮೇಲೂ ‘14 ಕೇಸ್’ ಎಂಬ ಪೋಸ್ಟರ್ ಓಡಾಡಿದರೆ ಜನ ‘ಎಲ್ಲರೂ ಕಳ್ಳರೇ ಬಿಡಿ’ ಎಂದು ಸುಮ್ಮನಾಗುತ್ತಾರೆ. ಆಗ ಗಂಭೀರ ಆರೋಪ ಇರುವವರೂ ಆ ಗದ್ದಲದಲ್ಲಿ ಆರಾಮಾಗಿ ಪಾರಾಗುತ್ತಾರೆ.

ಮುಂದಿನ ಸಲ ಗ್ರೂಪ್‌ನಲ್ಲಿ ಚಿಕ್ಕಪ್ಪನೋ ಪಕ್ಕದ ಮನೆಯವರೋ ಇಂಥ ಪೋಸ್ಟರ್ ಹಾಕಿದರೆ ಜಗಳ ಬೇಡ. ನಿಮ್ಮ ಕ್ಷೇತ್ರದ ಎಲ್ಲ ಪ್ರಮುಖ ಅಭ್ಯರ್ಥಿಗಳ ಅಫಿಡವಿಟ್ ಲಿಂಕ್‌ಗಳನ್ನು ಒಟ್ಟಿಗೇ ಹಾಕಿ, ‘ಇವರೆಲ್ಲರದ್ದೂ ಇಲ್ಲಿದೆ, ನೋಡಿ’ ಎಂದು ಬರೆಯಿರಿ. ಅದು ಫಾರ್ವರ್ಡ್ ಮಾಡಬಹುದಾದ ಸಂದೇಶ.