ಬಲ ಮತ್ತು ಹಿಡಿತ

ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನಿಗೆ ಅಮೆರಿಕದ ಕಾರುಗಳ ಗೊಡವೆ ಏಕೆಂದು ನೀವು ಕೇಳಬಹುದು. ಕಾವ್ಯಮೀಮಾಂಸೆಯಲ್ಲಿ ‘ಔಚಿತ್ಯ’ವೆಂಬ ಮಾತೊಂದುಂಟು: ಅಂಗಕ್ಕೆ ಅಂಗ ಹೊಂದಬೇಕು. ಈ ಮಾತು ಯಂತ್ರಕ್ಕೂ ಸಲ್ಲುತ್ತದೆ ಎಂಬುದಕ್ಕೆ ‘ಮಸಲ್ ಕಾರ್’ ಎಂದು ಹೆಸರಾದ ಆ ಕಟ್ಟುಮಸ್ತಾದ ವಾಹನಗಳಿಗಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

ಇವುಗಳ ಕಥೆಯನ್ನು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಆರಂಭಿಸುವುದು ವಾಡಿಕೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಮಾತೃಸಂಸ್ಥೆ ಜನರಲ್ ಮೋಟರ್ಸ್ ಕಟ್ಟಳೆ ಮಾಡಿತ್ತು. ಜಾನ್ ಡಿಲೋರಿಯನ್ ಮೊದಲಾದ ಪಾಂಟಿಯಾಕ್ ಎಂಜಿನಿಯರುಗಳು ದೊಡ್ಡ ಕಾರಿನ 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ, ಎಂಟು ಸಿಲಿಂಡರುಗಳ ಎಂಜಿನನ್ನು ಗಿರಾಕಿ ಬಯಸಿದರೆ ಕೊಡುವ ಹೆಚ್ಚುವರಿ ಸಲಕರಣೆಯೆಂದು ಕರೆದು, ಕಟ್ಟಳೆಯಿಂದ ನುಣುಚಿಕೊಂಡರು. ಬಲ 325 ಅಶ್ವಶಕ್ತಿ. 1966ರಲ್ಲಿ ಕ್ರೈಸ್ಲರ್ ಸಂಸ್ಥೆ 426 ಘನ ಅಂಗುಲದ ‘ಹೆಮಿ’ ಎಂಜಿನನ್ನು ರಸ್ತೆಗಿಳಿಸಿತು. ಅದರ ಅರೆಗೋಳಾಕಾರದ ದಹನಕೋಶದಲ್ಲಿ ದೊಡ್ಡ ಕವಾಟಗಳಿಗೆ ಎಡೆಯಿದ್ದು, ಎಂಜಿನ್ನಿನ ಉಸಿರಾಟ ಸರಾಗವಾಯಿತು, ಬಲ 425ಕ್ಕೇರಿತು.

ಆದರೆ ಈ ಬಲವನ್ನು ನೆಲಕ್ಕೆ ಮುಟ್ಟಿಸುವ ಹಿಂಬದಿಯ ವ್ಯವಸ್ಥೆ ಹಲವು ಕಾರುಗಳಲ್ಲಿ ಕುದುರೆಗಾಡಿಯ ಕಾಲದಿಂದ ಬಂದದ್ದು: ಒಂದು ಗಟ್ಟಿ ಅಚ್ಚು, ಅದರೊಡನೆ ಬಿಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ನಮ್ಮ ಲಾರಿಗಳ ಅಡಿಯಲ್ಲಿ ಇಂಥವನ್ನು ನೀವು ಕಂಡಿದ್ದೀರಿ. ಎಂಜಿನ್ ಗಾಲಿಯನ್ನು ರಭಸದಿಂದ ಮುಂದಕ್ಕೆ ತಿರುಗಿಸಿದಾಗ ಅಚ್ಚಿನ ಕವಚ ಹಿಮ್ಮುಖವಾಗಿ ತಿರುಚಿಕೊಳ್ಳಲು ಹವಣಿಸುತ್ತದೆ. ಪಟ್ಟಿ ಹಾವಿನಂತೆ ಡೊಂಕಾಗಿ, ಮರುಕ್ಷಣವೇ ಸೆಟೆಯುತ್ತದೆ. ಟೈರು ನೆಲದ ಹಿಡಿತ ತಪ್ಪಿ ಕುಪ್ಪಳಿಸುತ್ತದೆ. ಪಕ್ಕಕ್ಕೊಂದೇ ಪಟ್ಟಿಯಿದ್ದ 1967ರ ಷೆವ್ರೊಲೆ ಕ್ಯಾಮರೋ ಈ ಕುಣಿತಕ್ಕೆ ಹೆಸರಾಯಿತು. ಮರುವರ್ಷ ಷಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಅಚ್ಚಿನ ಮುಂದೆ, ಇನ್ನೊಂದನ್ನು ಹಿಂದೆ ನಿಲ್ಲಿಸಿದರು. ಕ್ರೈಸ್ಲರಿನವರು ಅಚ್ಚನ್ನು ಪಟ್ಟಿಯ ನಡುವಿಗಿಂತ ಮುಂದಕ್ಕೆ ಕಟ್ಟಿದ್ದರು; ಗಿಡ್ಡವಾದ ಮುಂಭಾಗ ಬಿರುಸಾಗಿ ನಿಂತು ತಿರುಚನ್ನು ತಡೆಯುತ್ತಿತ್ತು.

ನೇರ ರಸ್ತೆಗೆ ಇಷ್ಟು ಸಾಕು. ತಿರುವಿನಲ್ಲಾದರೋ, ಮುಂದುಗಡೆ ಭಾರ ಹೊತ್ತ ಕಾರು ತಿರುಗಲೊಲ್ಲದು. ಡ್ರಮ್ ಬ್ರೇಕು ಮತ್ತೆ ಮತ್ತೆ ಒತ್ತಿದಾಗ ಕಾದು ಸೋಲುತ್ತದೆ. ಇವನ್ನು ಓಡಿಸುವ ತರುಣರಿಗೆ ವಿಮೆಗಾರರು ಕಂತು ಏರಿಸಿದರು. 1970ರ ವಾಯುಶುದ್ಧಿ ಕಾನೂನು, 1973ರ ತೈಲದ ಅಭಾವಗಳು ಆ ಯುಗವನ್ನು ಮುಗಿಸಿದವು.

ಇಂದು ಇವುಗಳನ್ನು ದುಬಾರಿ ಬೆಲೆಗೆ ಕೊಳ್ಳುವ ಅಭಿಮಾನಿಗಳಲ್ಲಿ ಅನೇಕರು ಡಿಸ್ಕ್ ಬ್ರೇಕನ್ನೂ ಹೊಸ ಬಗೆಯ ಸ್ಪ್ರಿಂಗುಗಳನ್ನೂ ಹಾಕಿಸಿಕೊಂಡೇ ರಸ್ತೆಗಿಳಿಯುತ್ತಾರೆ. ಔಚಿತ್ಯವೆಂದರೆ ಇದೇ ಎಂದು ನಾನು ತಿಳಿಯುತ್ತೇನೆ.